ತಕ್ಕಡಿ ಹಿಡಿದು ಪೇಟೆಗೆ ಹೋದದ್ದು

ಮಹಾರಾಷ್ಟ್ರದ ಬೆಟ್ಟದ ಕೋಟೆ ಹರಿಶ್ಚಂದ್ರಗಡಕ್ಕೆ ಮೊದಲ ಸಲ ಚಾರಣ ಹೊರಟಾಗ ನನ್ನ ಬೆನ್ನಿನ ಚೀಲ ನೀರು ಮತ್ತು ಬುತ್ತಿ ಬಿಟ್ಟು 8 ಕಿಲೋ ತೂಗುತ್ತಿತ್ತು. ಕಲಬುರಗಿಯಿಂದ ಸೊಲ್ಲಾಪುರದ ಮೇಲೆ ಪುಣೆ ಮುಟ್ಟುವವರೆಗೆ ಅದು ರೈಲಿನ ಸೀಟಿನ ಕೆಳಗೆ ಇದ್ದುದರಿಂದ ಅದರ ಭಾರ ತಿಳಿಯಲಿಲ್ಲ. ಗಡದ ಬುಡದ ಹಳ್ಳಿ ಖಿರೇಶ್ವರದಿಂದ ತೋಲಾರ ಖಿಂಡಿಯ ಕಡೆಗೆ ಹತ್ತತೊಡಗಿದ ಮೇಲೆ ಹೆಜ್ಜೆಹೆಜ್ಜೆಗೂ ತಿಳಿಯಿತು. ಊರಿಗೆ ಮರಳಿದ ದಿನವೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದೊಂದೇ ವಸ್ತುವನ್ನು ಇಟ್ಟು ನೋಡಿದೆ. ಜೀನ್ಸ್ ಪ್ಯಾಂಟು 700 ಗ್ರಾಂ, ಸ್ಟೀಲಿನ ನೀರಿನ ಬಾಟಲಿ ಖಾಲಿ ಇರುವಾಗಲೇ 350 ಗ್ರಾಂ, ಹಾಸಲು ಒಯ್ದ ಜಮಖಾನ ಒಂದೂಮುಕ್ಕಾಲು ಕಿಲೋ, ಚೀಲವೇ 2 ಕಿಲೋ ಇತ್ತು.

ಚಾರಣದ ಸಾಮಾನು ಮಾರುವ ದೊಡ್ಡ ಊರುಗಳ ಅಂಗಡಿಗಳಲ್ಲಿ ವಸ್ತು ಹಗುರವಾದಷ್ಟೂ ಬೆಲೆ ಏರುತ್ತದೆ, ಮತ್ತು ಆ ಬೆಲೆ ನನ್ನ ಸಂಬಳಕ್ಕೆ ಹೊಂದುವಂಥದ್ದಲ್ಲ. ಆದ್ದರಿಂದ ಹೆಸರು ನೋಡದೆ ತೂಕ ನೋಡಿ ಕೊಳ್ಳುವುದೆಂದು ನಿರ್ಧರಿಸಿ, ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ನಮ್ಮ ಊರಿನ ಪೇಟೆಯನ್ನೇ ಸುತ್ತಿದೆ.

ಮೊದಲು ಹೋದದ್ದು ಭಾಂಡೆ ಅಂಗಡಿಗೆ. ಅಲ್ಯೂಮಿನಿಯಂ ಪಾತ್ರೆಯನ್ನು ಅಲ್ಲಿ ಕಿಲೋ ಲೆಕ್ಕದಲ್ಲಿ ಮಾರುವುದರಿಂದ ಹಗುರವಾದದ್ದೇ ಅಗ್ಗವೂ ಆಗಿರುತ್ತದೆ. ಚಾರಣದ ಅಂಗಡಿಯ ಲೆಕ್ಕ ಇಲ್ಲಿ ತಿರುವುಮುರುವು. ಅಂಚು ಮಡಚಿದ, ಹಿಡಿಕೆಯಿಲ್ಲದ ಸಣ್ಣ ಪಾತ್ರೆಯೊಂದನ್ನು ಆರಿಸಿದಾಗ ಅಂಗಡಿಯ ಹಿರಿಯರು, "ಇದು ಭಾಳ ಹಗೂರ ಅದರಿ, ಬಾಳಿಕಿ ಬರಂಗಿಲ್ಲ, ದಪ್ಪಂದು ತಗೋರಿ" ಎಂದು ಮನಸ್ಸಿನಿಂದಲೇ ಹೇಳಿದರು. ತೂಗಿದರೆ 160 ಗ್ರಾಂ ಬಂತು. ಅನಿಲದ ಡಬ್ಬಿಯನ್ನು ರೈಲಿನಲ್ಲಿ ಒಯ್ಯುವಂತಿಲ್ಲವಾದ್ದರಿಂದ ನಾನು ಒಲೆ ಒಯ್ಯುವುದಿಲ್ಲ. ಈ ಪಾತ್ರೆಯಲ್ಲಿ ಅವಲಕ್ಕಿ ನೆನೆಸುತ್ತೇನೆ, ಗಡದ ಮೇಲೆ ಚಪ್ಪರ ಹಾಕಿಕೊಂಡು ಊಟ ಕೊಡುವವರ ಬಳಿ ಬಿಸಿನೀರು ಹಾಕಿಸಿಕೊಳ್ಳುತ್ತೇನೆ.

ತಾಡಪತ್ರಿಯ ವಿಷಯದಲ್ಲಿ ನಮ್ಮ ಭಾಗದವರಿಗೆ ಇರುವ ಅನುಕೂಲ ಬೇರೆಯವರಿಗೆ ಇರಲಾರದು. ತೊಗರಿ ರಾಶಿ ಮಾಡುವ ನಾಡಿನಲ್ಲಿ ಅದನ್ನು ಹತ್ತು ಬಗೆಯ ದಪ್ಪದಲ್ಲಿ ಇಟ್ಟುಕೊಂಡಿರುತ್ತಾರೆ. ಅದರ ಮೇಲೆ ನಮೂದಿಸಿರುವ ಜಿಎಸ್ಎಂ ಎಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಹೀಗಾಗಿ ತಕ್ಕಡಿಯೇ ಇಲ್ಲದೆ ತೂಕ ತಿಳಿಯುತ್ತದೆ. ರೈತರು 200ಕ್ಕಿಂತ ಹೆಚ್ಚಿನದನ್ನು ಕೇಳಿ ಒಯ್ಯುತ್ತಾರೆ, ಏಕೆಂದರೆ ಅದರ ಮೇಲೆ ರಾಶಿ ಬೀಳುತ್ತದೆ, ಜನ ನಡೆದಾಡುತ್ತಾರೆ. ನನಗೆ ಬೇಕಾದದ್ದು ಒಂದು ರಾತ್ರಿಯ ಮಳೆಯನ್ನು ತಡೆಯುವ ಮಾಡು ಮಾತ್ರ. 70 ಜಿಎಸ್ಎಂನ ತಾಡಪತ್ರಿಯನ್ನು ಎರಡೂವರೆ ಮೀಟರ್ ಅಗಲ, ಮೂರು ಮೀಟರ್ ಉದ್ದಕ್ಕೆ ತೆಗೆದುಕೊಂಡೆ. ಏಳೂವರೆ ಚದರ ಮೀಟರಿಗೆ 525 ಗ್ರಾಂ ಆಯಿತು. ಇಷ್ಟೇ ಅಳತೆಯ 250 ಜಿಎಸ್ಎಂನದು ಹೆಚ್ಚುಕಡಿಮೆ 1 ಕಿಲೋ 900 ಗ್ರಾಂ ತೂಗುತ್ತದೆ. ತೆಳುವಾದದ್ದು ಗಾಳಿಗೆ ಪಟಪಟ ಸದ್ದು ಮಾಡುತ್ತದೆ ಎಂಬುದನ್ನೂ ಹೇಳಬೇಕು. ಕಿವಿ ಸೂಕ್ಷ್ಮವಿದ್ದವರಿಗೆ ನಿದ್ದೆ ಹತ್ತುವುದಿಲ್ಲ.

ಜಮಖಾನದ ಬದಲಿಗೆ ಸೋಫಾ ಮತ್ತು ಸೀಟ್ ಕವರ್ ಹೊಲಿಯುವವರ ಬಳಿ ಒಂದು ಸೆಂಟಿಮೀಟರ್ ದಪ್ಪದ ಬಿಳಿ ಪ್ಯಾಕಿಂಗ್ ಫೋಮ್ ಕತ್ತರಿಸಿಕೊಂಡೆ. ನನ್ನ ಉದ್ದಕ್ಕೆ ಕತ್ತರಿಸಿದರೂ ಅದು 200 ಗ್ರಾಂ ದಾಟಲಿಲ್ಲ. ಹತ್ತಾರು ರಾತ್ರಿ ಮಲಗಿದ ಮೇಲೆ ಅದು ಚಪ್ಪಟೆಯಾಗುತ್ತದೆ, ಆಗ ಹೊಸದು ತಂದರಾಯಿತು. ತಲೆಗೆ ಕಟ್ಟುವ ಬ್ಯಾಟರಿಯೂ ಹೀಗೆಯೇ ಸಿಕ್ಕಿತು: ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೋಗುವವರು ಕಟ್ಟಿಕೊಳ್ಳುವಂಥದ್ದೇ ಅದು. ಸ್ಟೀಲಿನ ಬಾಟಲಿಯ ಸ್ಥಾನಕ್ಕೆ ರೈಲ್ವೆ ಸ್ಟೇಷನ್ನಿನಲ್ಲಿ ಕೊಂಡ ಎರಡು ನೀರಿನ ಬಾಟಲಿಗಳು ಬಂದವು.

ಬಟ್ಟೆಗಾಗಿ ಮಾತ್ರ ರಿಯಾಯಿತಿ ದರದ ದೊಡ್ಡ ಮಳಿಗೆಗಳಿಗೆ ಹೋಗುತ್ತೇನೆ, ಅದೂ ಸಂಕ್ರಾಂತಿ ದಾಟಿದ ಮೇಲೆ. ನಮ್ಮಲ್ಲಿ ಚಳಿ ಇರುವುದೇ ಕೆಲವು ವಾರ. ಮಾರಾಟವಾಗದೆ ಉಳಿದ ಫ್ಲೀಸ್ ಜಾಕೆಟ್‌ಗಳನ್ನು ಆಗ ಅರ್ಧ ಬೆಲೆಗೆ ರಾಶಿ ಹಾಕಿರುತ್ತಾರೆ. ಕೊರಳಪಟ್ಟಿಯ ಹಿಂದಿನ ಅಥವಾ ಒಳ ಹೊಲಿಗೆಯ ಚೀಟಿಯಲ್ಲಿ 100% ಪಾಲಿಯೆಸ್ಟರ್ ಎಂದಿದ್ದರೆ ಮಾತ್ರ ತೆಗೆದುಕೊಳ್ಳುತ್ತೇನೆ. ಹತ್ತಿ ನೀರು ಹೀರಿ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ; ಬೆಟ್ಟದ ಗಾಳಿಯಲ್ಲಿ ಮೈಗೆ ಅಂಟಿಕೊಂಡ ಒದ್ದೆ ಹತ್ತಿ ಬಟ್ಟೆ ಚಳಿ ಹಿಡಿಸುತ್ತದೆ. ಕಲಬುರಗಿಯ ಬೇಸಿಗೆಗೆ ಹತ್ತಿಯನ್ನು ಬಿಟ್ಟರೆ ಬೇರೆ ಬಟ್ಟೆಯಿಲ್ಲ ಎಂದು ನಂಬಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ಒಂದು ಮಳೆ ಬೇಕಾಯಿತು.

ಎಡವಿದ್ದು ಚೀಲದಲ್ಲಿ. ಹಳೆಯದರ ಬದಲಿಗೆ ರಿಯಾಯಿತಿಯಲ್ಲಿ ಕೊಂಡ 40 ಲೀಟರಿನ ಚೀಲ ಒಂದು ಕಿಲೋಗಿಂತ ಕಡಿಮೆ ಇದೆ ಎಂಬ ಸಂತೋಷದಲ್ಲಿ ನಾನು ಹೊಲಿಗೆಯನ್ನು ನೋಡಿರಲಿಲ್ಲ. ಎರಡನೆಯ ಸಲದ ಇಳಿಜಾರಿನಲ್ಲಿ ಬಲಭುಜದ ಪಟ್ಟಿ ಬುಡದಿಂದಲೇ ಕಿತ್ತುಬಂತು, ತಾಡಪತ್ರಿಯ ನೈಲಾನ್ ಹಗ್ಗದಿಂದ ಕಟ್ಟಿಕೊಂಡು ಕೆಳಗಿಳಿದೆ. ಬಿಚ್ಚಿ ನೋಡಿದಾಗ ಪಟ್ಟಿಯ ತುದಿ ಹೊಲಿಗೆಯ ಒಳಗೆ ಅರ್ಧ ಬೆರಳಿನಷ್ಟೂ ಹೋಗಿರಲಿಲ್ಲ, ಮೇಲೆ ಒಂದೇ ಸಾಲು ದಾರ ಓಡಿತ್ತು.

ಮುಂದಿನ ಚೀಲ ಕೊಳ್ಳುವಾಗ ಪಟ್ಟಿಯ ಬುಡದಲ್ಲಿ ಅಡ್ಡಡ್ಡ ಒತ್ತೊತ್ತಾಗಿ ಹೊಲಿದಿದೆಯೇ ಎಂದು ಉಗುರಿನಿಂದ ತಡವಿ ನೋಡಿದೆ. ಬಳಿಕ ಅದೇ ಮಳಿಗೆಯ ಕಿರಾಣಿ ಸಾಲಿನಿಂದ ಐದು ಕಿಲೋದ ಎರಡು ಅಕ್ಕಿ ಪ್ಯಾಕೆಟ್ ತಂದು ಒಳಗಿಟ್ಟು, ಹೆಗಲಿಗೇರಿಸಿ ನಾಲ್ಕು ಸಲ ಜಗ್ಗಿದೆ. ಕಾವಲಿನವರು ಬಂದು, ಬಿಲ್ ಆಗದ ಅಕ್ಕಿಯನ್ನು ಚೀಲದಲ್ಲಿ ತುಂಬಿಕೊಂಡು ಕುಣಿಯುತ್ತಿರುವುದೇಕೆಂದು ಕೇಳಿದರು. ಕಾರಣ ಹೇಳಿದ ಮೇಲೆ ತಾವೇ ಇನ್ನೊಂದು ಪ್ಯಾಕೆಟ್ ತಂದು ಸೇರಿಸಿದರು. ಪಟ್ಟಿ ತಡೆಯಿತು. ಆದರೂ ಮನೆಗೆ ಒಯ್ಯುವ ಮೊದಲು ಚಪ್ಪಲಿ ಹೊಲಿಯುವವರ ಬಳಿ ನಾಲ್ಕೂ ಮೂಲೆಗೆ ನೈಲಾನ್ ದಾರದ ಹೊಲಿಗೆ ಹಾಕಿಸಿದೆ.

ಈಗ ನೀರು ಮತ್ತು ಬುತ್ತಿ ಬಿಟ್ಟು ನನ್ನ ಚೀಲ 3 ಕಿಲೋ 700 ಗ್ರಾಂ ಇದೆ. ಬೂಟನ್ನು ಮಾತ್ರ ಅಗ್ಗದಲ್ಲಿ ಕೊಂಡಿಲ್ಲ, ಅದಕ್ಕೆ ಮೂರು ತಿಂಗಳು ಹಣ ಕೂಡಿಟ್ಟೆ.