ಎಷ್ಟು ತರಿಸಬೇಕು, ಯಾವಾಗ ತರಿಸಬೇಕು: ಪಂಪ್ ಡೀಲರ್‌ಗಳಿಗೆ ಸ್ಟಾಕ್ ಲೆಕ್ಕ

ಕೊಯಮತ್ತೂರಿನಿಂದ ಪಂಪ್ ತರಿಸಿ ದಾವಣಗೆರೆ, ಹಾವೇರಿ ಕಡೆ ಮಾರುವ ಡೀಲರ್ ನೀವು ಅಂದುಕೊಳ್ಳಿ. ಸ್ಟಾಕ್ ಜಾಸ್ತಿಯಾದರೆ ದುಡ್ಡು ಗೋಡೌನಿನಲ್ಲಿ ಕೂರುತ್ತದೆ. ಕಡಿಮೆಯಾದರೆ, ಏಪ್ರಿಲ್ ಬಿಸಿಲಲ್ಲಿ ಮೋಟರ್ ಸುಟ್ಟು ಬೆಳೆ ಒಣಗುತ್ತಿದೆ ಎಂದು ಓಡಿ ಬಂದ ರೈತ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇದನ್ನು ಬರೀ ಅಂದಾಜಿನ ಮೇಲೆ ನಡೆಸಬೇಕಿಲ್ಲ, ಎಕ್ಸೆಲ್ ಒಂದಿದ್ದರೆ ಸಾಕು.

ಮೊದಲು ಟ್ಯಾಲಿಯಿಂದ (ಅಂಗಡಿ ಲೆಕ್ಕ ಇಡುವ ಸಾಫ್ಟ್‌ವೇರ್) ಒಂದು ವರ್ಷದ ಮಾರಾಟವನ್ನು ಐಟಂವಾರು ತೆಗೆದು, ಜಾಸ್ತಿ ದುಡ್ಡಿನದು ಮೇಲೆ ಬರುವಂತೆ ಜೋಡಿಸಿ. ಮೇಲಿನ ಹತ್ತು ಐಟಂ ಹಿಡಿದುಕೊಳ್ಳಿ, ವಾಷರ್, ಕ್ಲ್ಯಾಂಪ್‌ಗೆಲ್ಲ ಈ ಕಷ್ಟ ಬೇಡ. ವಾರಕ್ಕೆಷ್ಟು ಹೋಯಿತು ಅನ್ನೋದು ಬೇಕು. ಆರ್ಡರ್ ಹಾಕಿದ ದಿನದಿಂದ ಲಾರಿ ಬಂದು ಮಾಲು ಇಳಿಯುವ ತನಕ ಪ್ರತಿ ಸಲ ಎಷ್ಟು ದಿನ ಹಿಡಿಯಿತು ಅನ್ನೋದೂ ಬೇಕು. ಎರಡನೆಯದನ್ನು ಬರೆದಿಡುವವರು ಕಡಿಮೆ, ಆದರೆ ದುಡ್ಡು ಉಳಿಯುವುದು ಅಲ್ಲೇ. ಜೊತೆಗೆ, ಸ್ಟಾಕ್ ಇಲ್ಲ ಎಂದು ಗಿರಾಕಿಯನ್ನು ವಾಪಸ್ ಕಳಿಸಿದಾಗಲೆಲ್ಲ ಒಂದು ಪುಸ್ತಕದಲ್ಲಿ ಗುರುತು ಹಾಕಿ. ಬಿಲ್ ಆಗದ ಆ ಪಂಪೂ ಬೇಡಿಕೆಯೇ ಅಲ್ವಾ?

ಈಗ ಒಂದು ಸಲಕ್ಕೆ ಎಷ್ಟು ತರಿಸಬೇಕು ಅನ್ನೋ ಲೆಕ್ಕ. ಇದರ ಸೂತ್ರವನ್ನು ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲೇ ಕೊಟ್ಟಿದ್ದರು. ಉದಾಹರಣೆಗೆ ವರ್ಷಕ್ಕೆ 600 ಪಂಪ್ ಹೋಗುತ್ತದೆ. ಒಂದು ಆರ್ಡರ್‌ಗೆ ಬಾಡಿಗೆ, ಹಮಾಲಿ ಸೇರಿ 3,000 ರೂಪಾಯಿ ಖರ್ಚು. ಪಂಪಿನ ಬೆಲೆ 20,000, ಬಡ್ಡಿ, ಗೋಡೌನ್ ಬಾಡಿಗೆ ಸೇರಿ ಅದನ್ನು ವರ್ಷವಿಡೀ ಇಟ್ಟುಕೊಳ್ಳಲು ಶೇ. 18, ಅಂದರೆ 3,600. 2 × 600 × 3,000 ಮಾಡಿ 3,600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಸುಮಾರು 32 ಬರುತ್ತದೆ. ಈ ಅಂಕಿಗೇ ಅಂಟಿಕೊಳ್ಳಬೇಡಿ. 48 ತರಿಸಿದರೂ ಒಟ್ಟು ಖರ್ಚು ಏರುವುದು ಶೇ. 9ರಷ್ಟು ಮಾತ್ರ, ಹಾಗಾಗಿ ಲಾರಿ ತುಂಬುವಷ್ಟು ಹಾಕಿಕೊಂಡರೆ ತಪ್ಪೇನಿಲ್ಲ.

ನನ್ನ ಪ್ರಕಾರ ನಿಜವಾದ ಲಾಭ ಇರುವುದು ಯಾವಾಗ ತರಿಸಬೇಕು ಅನ್ನುವುದರಲ್ಲಿ. ವಾರಕ್ಕೆ ಸರಾಸರಿ 12 ಪಂಪ್ ಹೋಗುತ್ತದೆ, ಏರಿಳಿತ 5 ಎಂದಿಟ್ಟುಕೊಳ್ಳಿ (ಎಕ್ಸೆಲ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್). ಮಾಲು ಬರಲು ಸರಾಸರಿ 2 ವಾರ, ಅದರ ಏರಿಳಿತ 1 ವಾರ. ಮೊದಲು ಮಾರಾಟದ ಏರಿಳಿತದ ಪಾಲು: ವಾರಗಳ ಸಂಖ್ಯೆಗೆ ಆ ಏರಿಳಿತದ ವರ್ಗ ಗುಣಿಸಿ, 2 × 5 × 5 ಅಂದರೆ 50. ಆಮೇಲೆ ಮಾಲು ಬರುವ ಸಮಯದ ಏರಿಳಿತದ ಪಾಲು: ವಾರದ ಮಾರಾಟದ ವರ್ಗಕ್ಕೆ ಆ ಏರಿಳಿತದ ವರ್ಗ ಗುಣಿಸಿ, 12 × 12 × 1 × 1 ಅಂದರೆ 144. ಕೂಡಿಸಿದರೆ 194, ವರ್ಗಮೂಲ ಸುಮಾರು 14. ನೂರಕ್ಕೆ 95 ಸಲ ಹೊಸ ಮಾಲು ಬರುವ ತನಕ ಸ್ಟಾಕ್ ಖಾಲಿಯಾಗಬಾರದು ಅಂದರೆ 1.65ರಿಂದ ಗುಣಿಸಿ: 23 ಪಂಪ್. ಇದು ಸೇಫ್ಟಿ ಸ್ಟಾಕ್, ಅಂದರೆ ಏರಿಳಿತಕ್ಕೆಂದೇ ಹೆಚ್ಚುವರಿಯಾಗಿ ಇಟ್ಟುಕೊಳ್ಳುವ ಮಾಲು. ಎರಡು ವಾರದ ಮಾರಾಟ 24 ಸೇರಿಸಿದರೆ 47, ಅಷ್ಟಕ್ಕೆ ಇಳಿದಾಗ ಆರ್ಡರ್ ಹಾಕಬೇಕು.

ಆ 144 ನೋಡಿ. ಅದು ಬಂದದ್ದು ಗಿರಾಕಿಗಳಿಂದಲ್ಲ, ಮಾಲು ಒಮ್ಮೆ ವಾರಕ್ಕೆ, ಒಮ್ಮೆ ಮೂರು ವಾರಕ್ಕೆ ಬರುವುದರಿಂದ. ಕಂಪನಿಯವರು ಬೇಗ ಕಳಿಸುತ್ತೇವೆ ಎಂದು ಸರಾಸರಿಯನ್ನು ಒಂದು ವಾರಕ್ಕೆ ಇಳಿಸಿ, ಏರಿಳಿತ ಹಾಗೇ ಉಳಿದರೆ ಸೇಫ್ಟಿ ಸ್ಟಾಕ್ 23ರಿಂದ 21ಕ್ಕೆ ಇಳಿಯುತ್ತದೆ, ಅಷ್ಟೇ. ಎರಡು ವಾರವೇ ಹಿಡಿಯಲಿ, ಆದರೆ ಹೇಳಿದ ದಿನಕ್ಕೆ ಸರಿಯಾಗಿ ಬಂದರೆ ಅದು 12ಕ್ಕೆ ಇಳಿಯುತ್ತದೆ! 11 ಪಂಪ್, ಅಂದರೆ 2,20,000 ರೂಪಾಯಿ, ಅದೂ ಒಂದೇ ಮಾದರಿಯಲ್ಲಿ. ಆದ್ದರಿಂದ ಕಂಪನಿ ಜೊತೆ ಮಾತಾಡುವಾಗ ಬೇಗ ಕಳಿಸಿ ಅನ್ನೋದಕ್ಕಿಂತ ದಿನ ತಪ್ಪಿಸಬೇಡಿ ಎಂದು ಹಟ ಹಿಡಿಯಿರಿ. ಹಿಂದಿನ ಆರ್ಡರ್‌ಗಳ ತಾರೀಕು ಮುಂದಿಟ್ಟು ಕೇಳಿ.

ಎಚ್ಚರ ಬೇಕಾದ ಕಡೆಗಳೂ ಇವೆ. ಬೇಸಿಗೆಯ ಮಾರಾಟವನ್ನೂ ಮಳೆಗಾಲದ್ದನ್ನೂ ಒಟ್ಟಿಗೆ ಹಾಕಿ ಸರಾಸರಿ ತೆಗೆದರೆ ಏಪ್ರಿಲ್‌ನಲ್ಲಿ ಸ್ಟಾಕ್ ಸಾಲದು, ಆಗಸ್ಟ್‌ನಲ್ಲಿ ಕೊಳೆಯುತ್ತದೆ. ಎರಡಕ್ಕೂ ಬೇರೆ ಬೇರೆ ಲೆಕ್ಕ ಮಾಡಿ. ತಿಂಗಳಿಗೆ ಒಂದೆರಡು ಮಾತ್ರ ಹೋಗುವ ಮಾದರಿಗೆ ಈ ಸೂತ್ರ ಹೊಂದುವುದಿಲ್ಲ. ಒಂದು ಇಟ್ಟುಕೊಂಡು, ಹೋದಾಗ ಇನ್ನೊಂದು ತರಿಸಿ.

ಕೊನೆಗೆ ಆ 47ನ್ನು ಟ್ಯಾಲಿಯ ರೀಆರ್ಡರ್ ಲೆವೆಲ್‌ನಲ್ಲಿ ಹಾಕಿ. ಹೋಲಿಸುವಾಗ ಗೋಡೌನಿನಲ್ಲಿರುವುದಕ್ಕೆ ದಾರಿಯಲ್ಲಿರುವ ಮಾಲನ್ನೂ ಸೇರಿಸಿ. ಕೈಯಲ್ಲಿ 30, ಬರಬೇಕಾದ್ದು 32 ಇದ್ದರೆ ಒಟ್ಟು 62, ಇವತ್ತು ಆರ್ಡರ್ ಬೇಡ.