ಗೇಟಿನಿಂದ ಅವ್ವನ ಕೋಣೆಗೆ

ಮಡಗಾಂವ್‌ನಲ್ಲಿ ನಾವಿರುವುದು ಹಳೇ ಬಾಡಿಗೆ ಮನೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೊಳದಷ್ಟು ದಪ್ಪ. ಅವ್ವನ ಕೋಣೆ ಮಹಡಿಯಲ್ಲಿ. ಮೊಣಕಾಲು ನೋವು ಬೇರೆ, ಬೆಲ್ ಆದಾಗೆಲ್ಲ ಇಳಿದು ಬರಲಾಗುವುದಿಲ್ಲ. ಗೋಡೆ ಕೊರೆಯಲು ಮಾಲೀಕರು ಒಪ್ಪಲಿಲ್ಲ. ಹಾಗಾಗಿ ವೈರ್‌ಲೆಸ್ ಇಂಟರ್‌ಕಾಮ್.

ಮೊದಲು ತಂದಿದ್ದು 2.4 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯದು. ಡಬ್ಬದ ಮೇಲೆ 300 ಮೀಟರ್ ಅಂತಿತ್ತು. ಅದು ಬಯಲಿನ ಲೆಕ್ಕ, ಅಲ್ವಾ? ನಮ್ಮ ಎರಡು ಗೋಡೆ ದಾಟುವಷ್ಟರಲ್ಲೇ ಮಾತು ತುಂಡು ತುಂಡು. ಮಳೆ ಹಿಡಿದು ಕಲ್ಲು ನೀರು ಕುಡಿದ ಮೇಲೆ ಅದೂ ಇಲ್ಲ. ವಾಪಸ್ ಕೊಟ್ಟು 433 ಮೆಗಾಹರ್ಟ್ಸ್‌ನದು ತಂದೆ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಗೋಡೆ ದಾಟುವುದು ಸಲೀಸು.

ಆದರೂ ಮೊದಲ ದಿನ ಬರೀ ಗೊರಗೊರ. ತಪ್ಪು ನನ್ನದೇ. ಹೊರಗಿನ ಯೂನಿಟ್ಟನ್ನು ಗೇಟಿನ ಕಬ್ಬಿಣದ ತಗಡಿಗೇ ಬಿಗಿದಿದ್ದೆ. ಆಂಟೆನಾ ಬೆನ್ನಿಗೇ ಕಬ್ಬಿಣ ಬಂದರೆ ಸಿಗ್ನಲ್ ಎಲ್ಲಿಂದ ಹೋಗಬೇಕು? ಪಕ್ಕದ ಕಂಬಕ್ಕೆ ಮರದ ತುಂಡು ಕೂಡಿಸಿ ಅದರ ಮೇಲೆ ಹಾಕಿದೆ. ಅವ್ವನ ದನಿ ಪಕ್ಕದಲ್ಲೇ ನಿಂತ ಹಾಗೆ ಕೇಳಿತು.

ನೀರು ಹೋಗದಿರಲಿ ಅಂತ ಸುತ್ತಲೂ ಸಿಲಿಕೋನ್ ಅಂಟು ಬಳಿದಿದ್ದೂ ಅತಿ ಜಾಣತನ. ತಿಂಗಳ ನಂತರ ಬಿಚ್ಚಿದರೆ ಒಳಗೆ ಹನಿ ಕಟ್ಟಿದೆ, ಸೆಲ್ ಹಿಡಿಯುವ ಸ್ಪ್ರಿಂಗಿಗೆ ಹಸಿರು ಕಿಲುಬು. ಉಪ್ಪು ಗಾಳಿಯ ಊರು. ಸ್ಪ್ರಿಂಗ್ ಉಜ್ಜಿ, ಮೇಲೆ ಮತ್ತು ಎರಡು ಬದಿ ಮಾತ್ರ ಬಳಿದೆ. ಕೆಳಗೆ ತೆರೆದಿಟ್ಟರೆ ನೀರು ತಾನೇ ಇಳಿಯುತ್ತದೆ.

ಒಂದು ಮಧ್ಯಾಹ್ನ ಅವ್ವ ಫೋನ್ ಮಾಡಿದಳು. "ಯಾರೋ ಕೊಂಕಣಿಯೊಳಗ ಮಾತಾಡಾಕತ್ಯಾರ. ಬರ್ರಿ ಅಂದೆ. ಗೇಟಿನ್ಯಾಗ ಯಾರೂ ಇಲ್ಲೋ!" ನೋಡಿದರೆ ಪಕ್ಕದ ಮನೆಯವರೂ ಅದೇ ಮಾಡೆಲ್ ತಂದಿದ್ದರು. ಇಬ್ಬರದೂ ಅಂಗಡಿಯಿಂದ ಬಂದ ಹಾಗೇ 1ನೇ ಚಾನೆಲ್‌ನಲ್ಲಿತ್ತು. ನಮ್ಮದನ್ನು 7ಕ್ಕೆ ಬದಲಾಯಿಸಿ, ಯೂನಿಟ್‌ಗಳು ಒಂದನ್ನೊಂದು ಗುರುತಿಸುವ ಕೋಡನ್ನೂ ಬದಲಾಯಿಸಿದೆ. ಪೆಟ್ಟಿಗೆ ಬಿಚ್ಚಿದ ದಿನವೇ ಮಾಡಬೇಕಾದ ಕೆಲಸ ಇದು.

ಇನ್ನು ಕರೆಂಟ್ ಹೋದರೆ? ಒಳಗಿನ ಯೂನಿಟ್ 5 ವೋಲ್ಟ್‌ನಲ್ಲಿ ಓಡುತ್ತದೆ, ಅದಕ್ಕೆ ಪವರ್ ಬ್ಯಾಂಕ್ ಸಿಕ್ಕಿಸಿದೆ. ಐದೇ ನಿಮಿಷದಲ್ಲಿ ಅದು ಆಫ್. ಎಳೆಯುವ ಕರೆಂಟ್ ತೀರ ಕಡಿಮೆ ಇದ್ದರೆ ಕೆಲವು ಪವರ್ ಬ್ಯಾಂಕ್‌ಗಳು ಫೋನ್ ತುಂಬಿತು ಅಂದುಕೊಂಡು ನಿಂತುಬಿಡುತ್ತವೆ. ರೌಟರ್‌ಗೆ ಇಡುವಂಥ ಪುಟ್ಟ ಯುಪಿಎಸ್ ಹಾಕಿದ ಮೇಲೆ ಸರಿಹೋಯಿತು.

ಬೆಳಿಗ್ಗೆ ಪಾವ್ ತರುವ ಪೊದೇರ್ ಮಾತ್ರ ಇವತ್ತಿಗೂ ಬಟನ್ ಒತ್ತಿಲ್ಲ. ಸೈಕಲ್ ನಿಲ್ಲಿಸಿ ಹಾರ್ನ್ ಪೊಂಯ್ ಪೊಂಯ್ ಅನ್ನಿಸುತ್ತಾನೆ. ಅವ್ವ ಕಿಟಕಿಯಿಂದ ನಾಲ್ಕು ಬೆರಳು ತೋರಿಸುತ್ತಾಳೆ.