ಪವಾಡ ಒಂದು, ಕಾಲಂ ಮೂರು, ಲೆಕ್ಕ ಖಾಲಿ ಸಾಲಿನದು

ಬಣ್ಣದ ಪೆನ್ಸಿಲ್ ಹಿಡಿದು ಯೇಸುವಿನ ಕಥೆ ಹೇಳುವ ಸುವಾರ್ತೆಗಳನ್ನು (ಮತ್ತಾಯ, ಮಾರ್ಕ, ಲೂಕ, ಯೋಹಾನ) ಹೋಲಿಸುವುದು ಸಂಡೇ ಸ್ಕೂಲ್ ಮಕ್ಕಳ ಕೆಲಸ, ಸಾಫ್ಟ್‌ವೇರ್ ಇರುವಾಗ ಇದೆಲ್ಲ ಯಾಕೆ ಎಂದು ನಕ್ಕವರೇ ಈಗ ನನ್ನ ಹಾಳೆಗಳ ಝೆರಾಕ್ಸ್ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡುತ್ತೇನೆ. ಸಿನಾಪ್ಸಿಸ್ ಎಂದರೆ ಸುವಾರ್ತೆಗಳನ್ನು ಪಕ್ಕಪಕ್ಕದ ಕಾಲಂಗಳಲ್ಲಿ ಜೋಡಿಸಿದ ಪಠ್ಯ; ಮಾರ್ಕನೇ ಮೊದಲು ಬರೆದದ್ದು, ಮತ್ತಾಯ ಲೂಕರು ಅವನನ್ನು ಬಳಸಿಕೊಂಡರು ಎಂದು ಹೆಚ್ಚಿನವರು ಹೇಳುತ್ತಾರೆ. ಇಷ್ಟು ಗೊತ್ತಿದ್ದರೆ ಈ ಬರಹಕ್ಕೆ ಸಾಕು.

ಮೊದಲು ಕೆಟ್ಟದ್ದು ಎಲ್ಲಿ ಎಂದು ಹೇಳಬೇಕು. ನಾಲ್ಕೂ ಸುವಾರ್ತೆಗಳಲ್ಲಿ ಬರುತ್ತದಲ್ಲ ಎಂಬ ಆಸೆಗೆ ಯೇಸು ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಜನರಿಗೆ ಉಣಿಸಿದ ಪ್ರಸಂಗದಿಂದಲೇ ಶುರುಮಾಡಿದೆ. ಕಾಲಂ ನಾಲ್ಕಾದರೆ ‘ಯಾರಲ್ಲಿ ಇದೆ, ಯಾರಲ್ಲಿ ಇಲ್ಲ’ ಎಂಬುದಕ್ಕೆ 15 ಬಣ್ಣ ಬೇಕಾಗುತ್ತದೆ. ಏಳೆಂಟನೆಯ ಬಣ್ಣಕ್ಕೇ ಹಾಳೆ ಕಲಸುಮೇಲೋಗರ. ಯೋಹಾನನನ್ನು ಹೊರಗಿಟ್ಟರೆ 7 ಸಾಕು. ಅದರಲ್ಲೂ ಒಬ್ಬನಲ್ಲೇ ಇರುವ ಮಾತಿಗೆ ಬಣ್ಣ ಹಾಕದೆ ಬಿಟ್ಟರೆ ಉಳಿಯುವುದು 4: ಮೂವರದು, ಮಾರ್ಕ–ಮತ್ತಾಯರದು, ಮಾರ್ಕ–ಲೂಕರದು, ಮತ್ತಾಯ–ಲೂಕರದು. ಕೊನೆಯದಕ್ಕೆ ಕೆಂಪು. ಯೋಹಾನನಿಗೆ ಬಲ ಅಂಚಿನಲ್ಲಿ ಬೇರೆ ಪಟ್ಟಿ. ಅಲ್ಲಿ ಪದಗಳನ್ನಲ್ಲ, ಘಟನೆಯ ಹಂತಗಳನ್ನು ಮಾತ್ರ ಗುರುತಿಸುತ್ತೇನೆ.

ಎರಡನೆಯ ಪೆಟ್ಟು ದುಡ್ಡಿನದು. ಫುಟ್‌ಪಾತಿನಲ್ಲಿ ಇನ್ನೂರು ರೂಪಾಯಿಗೋ ಏನೋ ಸಿಕ್ಕಿದ ಹಳೆಯ ಗ್ರೀಕ್ ಹೊಸ ಒಡಂಬಡಿಕೆಯನ್ನು ನಂಬಿ ಹತ್ತು ಹನ್ನೆರಡು ಹಾಳೆ ಮುಗಿಸಿದ್ದೆ. ಯೇಸು ತನ್ನ ಶಿಷ್ಯ ಪೇತ್ರನ ಅತ್ತೆಯ ಜ್ವರ ಬಿಡಿಸುವ ಪ್ರಸಂಗದಲ್ಲಿ ಆಕೆ ಎದ್ದು ‘ಅವರಿಗೆ’ ಉಪಚಾರ ಮಾಡಿದಳು ಎಂದು ಮೂರೂ ಕಾಲಂ ಒಂದೇ ಬಣ್ಣ. ಹಸ್ತಪ್ರತಿಗಳ ಪಾಠಾಂತರ ಕೊಡುವ ಆವೃತ್ತಿ ನೋಡಿದರೆ ಮತ್ತಾಯ 8:15ರಲ್ಲಿ ಇರುವುದು ‘ಔತೋ’, ಅಂದರೆ ‘ಆತನಿಗೆ’. ಹಳೆಯ ಮುದ್ರಿತ ಪಠ್ಯ ಬಹುವಚನದ ಪಾಠವನ್ನು ಹಿಡಿದಿತ್ತು. ಒಂದು ಸರ್ವನಾಮಕ್ಕಾಗಿ ಅಷ್ಟೂ ಹಾಳೆ ರದ್ದಿಗೆ. ಹೊಸ ಆವೃತ್ತಿಗೆ ಮೂರೂವರೆ ಸಾವಿರದ ಆಸುಪಾಸು ಬಿತ್ತು. ಪೆನ್ಸಿಲ್, ಎ3 ಹಾಳೆ, ಬೈಂಡಿಂಗ್ ಸೇರಿದರೂ ಸಾವಿರ ದಾಟಿರಲಿಕ್ಕಿಲ್ಲ. ಉಳಿತಾಯ ಮಾಡುವುದಾದರೆ ಪೆನ್ಸಿಲಿನಲ್ಲಿ ಮಾಡಿ, ಪಠ್ಯದಲ್ಲಿ ಬೇಡ.

ಹೊಸದಾಗಿ ಕೂರುವವರು ಇದೇ ಅತ್ತೆಯ ಪ್ರಸಂಗದಿಂದ ಕೂರಲಿ. ಮಾರ್ಕ 1:29–31, ಮತ್ತಾಯ 8:14–15, ಲೂಕ 4:38–39. ಒಟ್ಟು 7 ವಚನ, ಒಂದು ಸಂಜೆಯ ಕೆಲಸ. ಎ3 ಹಾಳೆ ಅಡ್ಡ, ಮಾರ್ಕ ನಡುವೆ. ಸಾಲಿಗೆ ಒಂದೇ ಪದಗುಚ್ಛ. ಪಕ್ಕದವನು ಆ ಮಾತು ಆಡದಿದ್ದರೆ ಅವನ ಕಾಲಂನಲ್ಲಿ ಸಾಲು ಖಾಲಿ ಬಿಡಬೇಕು, ಮೇಲಕ್ಕೆ ಎಳೆದು ಮುಚ್ಚಬಾರದು. ಪದರೂಪವೂ ಒಂದೇ ಆದರೆ ತುಂಬು ಗೆರೆ, ಧಾತು ಮಾತ್ರ ಒಂದೇ ಆದರೆ ತುಂಡು ಗೆರೆ. ಬಣ್ಣ ಮುಗಿದ ಮೇಲೆ ಖಾಲಿ ಸಾಲುಗಳಿಗೆ ನಂಬರ್ ಹಾಕುವುದು. ಇಡೀ ವಿಧಾನದ ಜೀವ ಇರುವುದು ಇಲ್ಲೇ. ಈ ಪ್ರಸಂಗದಲ್ಲಿ ಮಾರ್ಕ ಶಿಷ್ಯರಾದ ಯಾಕೋಬ ಯೋಹಾನರ ಹೆಸರು ಹೇಳುತ್ತಾನೆ, ಲೂಕನ ಕಾಲಂ ಅಲ್ಲಿ ಖಾಲಿ. ಯಾಕೆಂದು ಪುಟ ತಿರುಗಿಸಿದರೆ ಲೂಕನ ಕ್ರಮದಲ್ಲಿ ಅವರನ್ನು ಯೇಸು ಶಿಷ್ಯರಾಗಲು ಕರೆಯುವುದೇ 5ನೇ ಅಧ್ಯಾಯದಲ್ಲಿ. ಮಾರ್ಕನಲ್ಲಿ ಯೇಸು ಕೈಹಿಡಿದು ಎಬ್ಬಿಸುತ್ತಾನೆ, ಮತ್ತಾಯನಲ್ಲಿ ಕೈ ಮುಟ್ಟುತ್ತಾನೆ, ಲೂಕನಲ್ಲಿ ಮುಟ್ಟುವುದೇ ಇಲ್ಲ, ಬಾಗಿ ನಿಂತು ಜ್ವರವನ್ನೇ ಗದರಿಸುತ್ತಾನೆ.

ಕೈ ಪಳಗಿದ ಮೇಲೆ ಯಾಯಿರ ಎಂಬವನ ಸತ್ತ ಮಗಳನ್ನು ಯೇಸು ಎಬ್ಬಿಸುವ, ಹೋಗುವ ದಾರಿಯಲ್ಲಿ ರಕ್ತಸ್ರಾವದ ಹೆಂಗಸೊಬ್ಬಳು ಅವನ ಉಡುಪು ಮುಟ್ಟಿ ಗುಣವಾಗುವ ಪ್ರಸಂಗ ಹಿಡಿಯಬಹುದು. ಮಾರ್ಕನಲ್ಲಿ 23 ವಚನ, ಲೂಕನಲ್ಲಿ 17, ಮತ್ತಾಯನಲ್ಲಿ ಬರೀ 9. ಮಾರ್ಕನಲ್ಲಿ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಸತ್ತ ಸುದ್ದಿ ದಾರಿಯಲ್ಲಿ ಬರುತ್ತದೆ. ಮತ್ತಾಯನಲ್ಲಿ ತಂದೆ ಬಂದವನೇ ‘ಈಗ ತಾನೇ ಸತ್ತಳು’ ಎನ್ನುತ್ತಾನೆ. ಇದನ್ನು ತಪ್ಪು–ಸರಿ ಎಂದು ಗುರುತು ಹಾಕುತ್ತಾ ಕೂತರೆ ಎಲ್ಲಿಗೂ ಮುಟ್ಟುವುದಿಲ್ಲ. ಸುದ್ದಿ ತರುವವರ ಸಾಲುಗಳೇ ಮತ್ತಾಯನಲ್ಲಿ ಖಾಲಿ. ಅವರನ್ನು ಕತ್ತರಿಸಿದ ಮೇಲೆ ಆ ಸುದ್ದಿಯನ್ನು ತಂದೆಯೇ ಹೇಳಬೇಕಷ್ಟೆ. ‘ತಲಿಥಾ ಕೂಮ್’ (‘ಹುಡುಗಿ, ಏಳು’) ಎಂಬ ಅರಾಮಿಕ್ ಮಾತಿನ ಸಾಲು ಮತ್ತಾಯ, ಲೂಕ ಇಬ್ಬರಲ್ಲೂ ಖಾಲಿ. ರಕ್ತಸ್ರಾವದ ಹೆಂಗಸು ವೈದ್ಯರ ಕೈಲಿ ನರಳಿ, ಇದ್ದದ್ದೆಲ್ಲ ಖರ್ಚು ಮಾಡಿ, ಇನ್ನೂ ಹದಗೆಟ್ಟಳು ಎಂಬ ಮಾರ್ಕನ ಮಾತು ಮತ್ತಾಯನಲ್ಲಿ ಪೂರ್ತಿ ಮಾಯ. ಲೂಕನಲ್ಲಿ ‘ಹದಗೆಟ್ಟಳು’ ಇಲ್ಲ, ಖರ್ಚಿನ ಮಾತೂ ಕೆಲವು ಹಳೆಯ ಹಸ್ತಪ್ರತಿಗಳಲ್ಲಿಲ್ಲ. (ಲೂಕ ವೈದ್ಯನಾಗಿದ್ದ ಎಂಬುದು ಪರಂಪರೆ; ವೈದ್ಯ ವೈದ್ಯರ ಮಾನ ಉಳಿಸಿದ ಎಂಬ ಜೋಕು ಹಳೆಯದು, ಅದರ ಮೇಲೆ ವಾದ ಕಟ್ಟಬೇಡಿ.) ಹುಡುಗಿಯ ವಯಸ್ಸು 12 ಎಂಬುದು ಮಾರ್ಕನಲ್ಲಿ ಕೊನೆಗೆ, ಲೂಕನಲ್ಲಿ ಆರಂಭಕ್ಕೆ. ಹೀಗೆ ಸಾಲು ಜಾಗ ಬದಲಿಸಿದಾಗ ಹಾಳೆಯನ್ನು ಹೇಗೆ ಮಡಚುತ್ತೇನೆ ಎಂಬುದು ನನ್ನ ಬಳಿಯೇ ಇರಲಿ.

ಇದೇ ಹಾಳೆಯಲ್ಲಿ ಕೆಂಪು ಪೆನ್ಸಿಲ್ ಕೆಲಸಕ್ಕೆ ಬಂತು. ಹೆಂಗಸು ಮುಟ್ಟಿದ್ದು ಉಡುಪನ್ನು ಎಂದು ಮಾರ್ಕ. ಉಡುಪಿನ ‘ಕ್ರಾಸ್ಪೆದೋನ್’, ಅಂದರೆ ಗೊಂಡೆ ಅಥವಾ ಅಂಚನ್ನು ಎಂದು ಮತ್ತಾಯ, ಲೂಕ ಇಬ್ಬರೂ. ವ್ಯಾಖ್ಯಾನ ತೆರೆಯುವ ಮುನ್ನವೇ ಇದು ಕಣ್ಣಿಗೆ ಬಿದ್ದಿತ್ತು, ಆ ಹೆಮ್ಮೆ ಇದೆ. ಇಬ್ಬರೂ ಮಾರ್ಕನನ್ನು ಬೇರೆಬೇರೆಯಾಗಿ ಬಳಸಿದ್ದರೆ ಒಂದೇ ಪದ ಹೇಗೆ ಸೇರಿಸಿದರು ಎಂಬ ಜಗಳ ಇನ್ನೂ ಮುಗಿದಿಲ್ಲ.

ಖಾಲಿ ಸಾಲುಗಳನ್ನು ಒಂದು ಪ್ರಸಂಗಕ್ಕೆ ನಿಲ್ಲಿಸದೆ ಪುಸ್ತಕದುದ್ದಕ್ಕೂ ಕೂಡಿಸಿ ನೋಡಿ. ಗೆರಸೇನರ ಸೀಮೆಯಲ್ಲಿ ಮಾರ್ಕನಿಗೆ ದೆವ್ವ ಹಿಡಿದವನು ಒಬ್ಬ, ಮತ್ತಾಯನಿಗೆ ಇಬ್ಬರು. ಯೆರಿಕೋದಲ್ಲಿ ಮಾರ್ಕನಿಗೆ ಬಾರ್ತಿಮಾಯನೊಬ್ಬನೇ ಕುರುಡ, ಮತ್ತಾಯನಿಗೆ ಇಬ್ಬರು. ಇತ್ತ ಮತ್ತಾಯ ಪೂರ್ತಿ ಬಿಟ್ಟದ್ದು ಕಪೆರ್ನೌಮಿನ ಸಭಾಮಂದಿರದ ದೆವ್ವ ಹಿಡಿದವನೊಬ್ಬನನ್ನು, ಬೇತ್ಸಾಯಿದದ ಕುರುಡನೊಬ್ಬನನ್ನು. ಬಿಟ್ಟವರನ್ನು ಬೇರೆಡೆ ಜಮಾ ಮಾಡಿದನೇ? ಲೆಕ್ಕ ಚೆನ್ನಾಗಿಯೇ ಕೂರುತ್ತದೆ. ಆದರೆ ಮತ್ತಾಯ 9:27ರಲ್ಲಿ ಇನ್ನೂ ಇಬ್ಬರು ಕುರುಡರು ಎದುರಾಗಿ ಲೆಕ್ಕ ಕೆಡಿಸುತ್ತಾರೆ.

ನಡುವೆ ಬೈಬಲಿನಲ್ಲಿ ಸೇರದ ತೋಮನ ಬಾಲ್ಯ ಸುವಾರ್ತೆಯನ್ನೂ ಹಾಳೆಗೆ ಇಳಿಸಿದ್ದೆ. ಬಾಲಕ ಯೇಸು ಸಬ್ಬತ್ ದಿನ, ಅಂದರೆ ಯೆಹೂದಿಗಳ ವಿಶ್ರಾಂತಿ ದಿನ, ಮಣ್ಣಿನ 12 ಗುಬ್ಬಿ ಮಾಡಿ ಹಾರಿಸುವ ಕಥೆಗೆ ನಮ್ಮ ಮೂರು ಕಾಲಂನಲ್ಲಿ ಜೋಡಿಯೇ ಇಲ್ಲ, ಹಾಳೆ ಬೆಳ್ಳಗೇ ಉಳಿಯಿತು. ಕೊನೆಯಲ್ಲಿ 12 ವರ್ಷದ ಯೇಸು ದೇವಾಲಯದಲ್ಲಿ ಕೂತ ಭಾಗಕ್ಕೆ ಮಾತ್ರ ಲೂಕ 2ರ ಜೊತೆ ಬಣ್ಣ ಹತ್ತಿತು.

ರೊಟ್ಟಿಯ ಪ್ರಸಂಗಕ್ಕೆ ಮರಳಿದ್ದು ತೀರಾ ಕೊನೆಗೆ. ಐದು ಸಾವಿರ ಜನರ ಕಥೆಯಲ್ಲಿ ಉಳಿದ ಚೂರು ತುಂಬಿದ ಬುಟ್ಟಿ ನಾಲ್ವರಲ್ಲೂ ‘ಕೊಫಿನೋಸ್’, 12. ಇದೇ ಥರದ ಇನ್ನೊಂದು, ನಾಲ್ಕು ಸಾವಿರ ಜನರ ಕಥೆಯಲ್ಲಿ ಮಾರ್ಕ, ಮತ್ತಾಯ ಇಬ್ಬರಲ್ಲೂ ‘ಸ್ಪುರಿಸ್’, 7. ಅಪೊಸ್ತಲ ಪೌಲನನ್ನು ದಮಸ್ಕದ ಗೋಡೆಯಿಂದ ಇಳಿಸಿದ ಬುಟ್ಟಿಗೂ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಇದೇ ಪದ. ಅನುವಾದದಲ್ಲಿ ಎರಡೂ ಬರೀ ಬುಟ್ಟಿಯಾಗಿಬಿಟ್ಟರೆ ಈ ಗೆರೆ ಎಳೆಯಲಾಗುವುದಿಲ್ಲ.

ಶತಾಧಿಪತಿಯ (ನೂರು ಸೈನಿಕರ ಅಧಿಕಾರಿಯ) ಮನೆಯ ರೋಗಿಯನ್ನು ಯೇಸು ಗುಣಪಡಿಸುವ ಪ್ರಸಂಗದ ಹಾಳೆ ಮಾತ್ರ ಇನ್ನೂ ಮೇಜಿನ ಮೇಲೇ ಇದೆ. ಮತ್ತಾಯನಲ್ಲಿ ಕಾಯಿಲೆ ಬಿದ್ದವನು ‘ಪಾಯ್ಸ್’: ಹುಡುಗನೂ ಆಗಬಹುದು, ಆಳೂ ಆಗಬಹುದು. ಲೂಕ ‘ಆಳು’ ಎನ್ನುತ್ತಾನೆ, ಯೋಹಾನನ ಅರಮನೆಯ ಅಧಿಕಾರಿಯ ಕಥೆಯಲ್ಲಿ ಅವನು ‘ಮಗ’. ಆದರೆ ಲೂಕ 7:7ರಲ್ಲೂ ಯೋಹಾನ 4:51ರಲ್ಲೂ ಒಂದೊಂದು ಸಲ ಅದೇ ‘ಪಾಯ್ಸ್’ ಇಣುಕುತ್ತದೆ. ಯೋಹಾನನಲ್ಲಿ ಪದಕ್ಕೆ ಬಣ್ಣ ಹಾಕುವುದಿಲ್ಲ ಎಂಬ ನನ್ನ ನಿಯಮವನ್ನು ಇಲ್ಲಿ ಮುರಿಯಬೇಕೇ ಎಂದು ತೀರ್ಮಾನವಾಗಿಲ್ಲ; ಸದ್ಯಕ್ಕೆ ಸೀಸದ ಕಡ್ಡಿಯಲ್ಲಿ ಚುಕ್ಕಿ ಇಟ್ಟಿದ್ದೇನೆ.